ಅಗ್ಗದ ಮಾಲು, ಹುಷಾರಾದ ಕೈ

ಹಳೆ ಸಾಮಾನು ಕೊಂಡು ಮಾರಿ ನಾಲ್ಕು ಕಾಸು ಮಾಡಬೇಕೆಂದಿದ್ದೀರಾ? ಮೊದಲು ಸುತ್ತಮುತ್ತ ಏನು ಖರ್ಚಾಗುತ್ತದೆ ನೋಡಿ. ಚನ್ನಗಿರಿಯಲ್ಲಿ ಅಡಿಕೆ ಸುಲಿಯುವ ಯಂತ್ರಕ್ಕೆ ಕೊಯ್ಲಿನ ಹೊತ್ತಿಗೆ ಎಲ್ಲಿಲ್ಲದ ಬೇಡಿಕೆ. ಸುಗ್ಗಿ ಮುಗಿದರೆ ಕೇಳುವವರಿಲ್ಲ. ಕೊಳ್ಳುವುದಾದರೆ ಆಗಲೇ ಕೊಳ್ಳಿ. ಹೊನ್ನಾಳಿ, ನ್ಯಾಮತಿಯ ಭತ್ತ, ಮೆಕ್ಕೆಜೋಳದ ರೈತರಿಗೆ ಔಷಧಿ ಹೊಡೆಯುವ ಪಂಪು, ತಾಡಪಾಲು ಬೇಕು.

ಜಗಳೂರು ಸೀಮೆಯಲ್ಲಿ ಬೋರು ಬತ್ತಿದವರ ಮನೆಯಲ್ಲಿ ಸಬ್‌ಮರ್ಸಿಬಲ್ ಮೋಟಾರು, ಪೈಪು ಸುಮ್ಮನೆ ಬಿದ್ದಿರುತ್ತವೆ. ಮೋಟಾರಿಗೆ ಹೊಸದಾಗಿ ಬಣ್ಣ ಬಳಿದಿದ್ದರೆ ನನಗಂತೂ ಮೊದಲು ಅನುಮಾನ. ಶಾಫ್ಟನ್ನು ಕೈಯಲ್ಲಿ ತಿರುಗಿಸಿ: ಎಲ್ಲೂ ಹಿಡಿಯಬಾರದು, ಆಚೀಚೆ ಅಲ್ಲಾಡಲೂಬಾರದು. ವೈಂಡಿಂಗ್ ತಾಮ್ರದ್ದೋ ಅಲ್ಯೂಮಿನಿಯಮ್ಮಿನದೋ, ಸುಟ್ಟಿದೆಯೋ ಎಂದು ರಿವೈಂಡಿಂಗ್ ಅಂಗಡಿಯಲ್ಲಿ ತೋರಿಸಿದ ಮೇಲೆ ದರ ಮಾತಾಡಿ. ಸುಟ್ಟಿದ್ದರೆ ಗುಜರಿ ರೇಟಿಗಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ರಿಪೇರಿ ಕೂಲಿ, ಗಾಡಿ ಬಾಡಿಗೆ ಕಳೆದು ಉಳಿದದ್ದಷ್ಟೇ ನಿಮ್ಮದು.

ಹೊಲದಿಂದ ಕೇಬಲ್ಲು, ಮೋಟಾರು ಕದ್ದು ಮಾರುವವರೂ ಇದ್ದಾರೆ. ಕದ್ದ ಮಾಲೆಂದು ಗೊತ್ತಿದ್ದೂ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ 3 ವರ್ಷದವರೆಗೂ ಜೈಲಾಗಬಹುದು. ಬಿಲ್ಲು ಕೇಳಿ, ಇಲ್ಲದಿದ್ದರೆ ಮಾರುವವರ ಹೆಸರು, ಊರು, ಮೋಟಾರಿನ ನಂಬರು ಬರೆದು ಸಹಿ ಹಾಕಿಸಿಕೊಳ್ಳಿ. ಹಳೆ ಮೊಬೈಲಾದರೆ *#06# ಒತ್ತಿ, ಬಂದ ಐಎಂಇಐ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ಹಾಕಿ ನೋಡಿ. ಬೈಕಿಗೆ 29, 30ನೇ ನಮೂನೆಗಳಿಗೆ ಸಹಿ ಆಗದೆ ಪೂರ್ತಿ ಹಣ ಕೈಬಿಡಬೇಡಿ. ಸಾಲ ಬಾಕಿಯಿದೆಯೇ ಎಂದು ಆರ್‌ಸಿಯಲ್ಲೇ ಗೊತ್ತಾಗುತ್ತದೆ.

ಸಾಲ ತಂದು ಮಾತ್ರ ಶುರು ಮಾಡಬೇಡಿ. ಹಳೆ ಮಾಲು ಮೂರು ತಿಂಗಳು ಕೂತರೂ ಕೂತೀತು, ಬಡ್ಡಿ ಕೂರುವುದಿಲ್ಲ.