‘ನೀರು’ ಎಂಬ ಚೀನೀ ಅಕ್ಷರ: ಧಾತುಗಳ ಸಂಕೇತ ಪಾಠದಲ್ಲಿ ಒಂದು ತಿದ್ದುಪಡಿ

ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಗೆ ‘ಪರಮಾಣುಗಳು ಮತ್ತು ಅಣುಗಳು’ ಘಟಕದಿಂದ ಧಾತುಗಳ ಸಂಕೇತಗಳನ್ನು ಬೋಧಿಸುತ್ತಿದ್ದೆ. ಹೈಡ್ರೋಜನ್‌ಗೆ ಎಚ್, ಆಕ್ಸಿಜನ್‌ಗೆ ಓ ಎಂದು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವಷ್ಟರಲ್ಲಿ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. “ಮಿಸ್, ಚೀನಾದವರು ಇದನ್ನ ಹೇಗೆ ಬರೀತಾರೆ?” ಅವಳ ಜಾಮಿಟ್ರಿ ಬಾಕ್ಸಿನ ಮೇಲೆ ಚೀನೀ ಅಕ್ಷರಗಳಿದ್ದವು. ಗಂಟೆ ಹೊಡೆಯಲು ಐದೇ ನಿಮಿಷವಿತ್ತು. “ಅವರಿಗೆ ಎ ಬಿ ಸಿ ಡಿ ಇಲ್ಲ, ಅವರ ಚಿತ್ರಲಿಪಿಯಲ್ಲೇ ಬರೀತಾರೆ” ಎಂದುಬಿಟ್ಟೆ. ಅವಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಹಾಸ್ಟೆಲಿಗೆ ಹೋದ ಮೇಲೆ ನನಗೇ ಅನುಮಾನ ಬಂದು ಹುಡುಕಿ ನೋಡಿದೆ. ಹೇಳಿದ್ದರಲ್ಲಿ ಎರಡು ತಪ್ಪುಗಳಿದ್ದವು. ಸಂಕೇತ ಎಲ್ಲ ದೇಶಗಳಲ್ಲೂ ಒಂದೇ. ಚೀನಾದ ಪಠ್ಯಪುಸ್ತಕದಲ್ಲೂ ನೀರಿನ ಅಣುಸೂತ್ರ ಎಚ್-ಟು-ಓ ಎಂದೇ ಇರುತ್ತದೆ. ಬೇರೆಯಾಗುವುದು ಧಾತುವಿನ ಹೆಸರು. ಹೆಸರು ಬೇರೆ, ಸಂಕೇತ ಬೇರೆ ಎಂಬುದು ನನ್ನ ಪಾಠಯೋಜನೆಯ ಮೊದಲ ಉದ್ದೇಶವಾಗಿತ್ತು, ಅದನ್ನೇ ನಾನು ಕೆಡಿಸಿದ್ದೆ. ಎರಡನೆಯದಾಗಿ, ಚೀನೀ ಲಿಪಿ ಬರೀ ಚಿತ್ರಲಿಪಿಯಲ್ಲ. ಮರುದಿನದ ಅವಧಿಯಲ್ಲಿ ಹದಿನೈದು ನಿಮಿಷ ತೆಗೆದಿಟ್ಟುಕೊಂಡು, ನೀರು ಎಂಬ ಒಂದೇ ಅಕ್ಷರ ಹಿಡಿದು ತಿದ್ದುಪಡಿ ಮಾಡಿದೆ.

ಪೂರ್ವಜ್ಞಾನಕ್ಕೆ ಹಲಗೆಯ ಮೇಲೆ 7 ಎಂದು ಬರೆದು ಓದಿಸಿದೆ. ಏಳು ಎಂದರು. ಮನೆಯಲ್ಲಿ ತೆಲುಗು ಆಡುವವರು ಏಡು ಎಂದರು, ಉರ್ದು ಮಾತಿನವರು ಸಾತ್ ಎಂದರು. ಅಂಕಿ ಒಂದೇ, ಅರ್ಥ ಒಂದೇ, ಓದು ಮೂರು. ಆಮೇಲೆ 1ನೇ ತರಗತಿ ಎಂದು ಬರೆದೆ. ಅರ್ಧ ಜನ ಒಂದನೇ ಎಂದರು, ಅರ್ಧ ಜನ ಮೊದಲನೇ ಎಂದರು. ಒಂದೇ ಭಾಷೆಯೊಳಗೂ ಒಂದು ಗುರುತಿಗೆ ಎರಡು ಓದು ಇರಬಹುದು ಎಂಬುದು ಹೀಗೆ ನಾನು ಹೇಳದೆಯೇ ಅವರಿಗೆ ಸಿಕ್ಕಿತು. ಚೀನೀ ಅಕ್ಷರ ನಮ್ಮ ಕ, ಖ, ಗ ಇದ್ದ ಹಾಗಲ್ಲ, ಹೆಚ್ಚು ಕಡಿಮೆ ಈ ಅಂಕಿಯ ಹಾಗೆ ಎಂದು ಅಲ್ಲಿಂದ ಮುಂದುವರಿದೆ.

ನೀರಿನ ಅಕ್ಷರಕ್ಕೆ ನಾಲ್ಕು ಗೆರೆ. ನಡುವೆ ಮೇಲಿನಿಂದ ಕೆಳಗೆ ಇಳಿದು ತುದಿಯಲ್ಲಿ ಕೊಕ್ಕೆಯಾಗುವ ಗೆರೆ, ಎಡಕ್ಕೆ ಮಡಿಸಿದಂಥ ಒಂದು, ಬಲಕ್ಕೆ ಎರಡು. ಬರೆಯುವಾಗ ನಡುವಿನದೇ ಮೊದಲು. ಸುಮಾರು 3,200 ವರ್ಷಗಳ ಹಿಂದೆ, ಶಾಂಗ್ ಅರಸರ ಕಾಲದಲ್ಲಿ, ಶಕುನ ಕೇಳಲು ಆಮೆಯ ಚಿಪ್ಪು ಮತ್ತು ದನದ ಎಲುಬುಗಳ ಮೇಲೆ ಕೊರೆದ ಬರಹಗಳಲ್ಲಿ ಇದರ ಹಳೆಯ ರೂಪ ಸಿಗುತ್ತದೆ: ನಡುವೆ ಅಂಕುಡೊಂಕಾಗಿ ಹರಿಯುವ ಗೆರೆ, ಎರಡೂ ಬದಿಗೆ ಚುಕ್ಕೆಗಳು. ಹಳೆಯ ರೂಪವನ್ನು ಮೊದಲು ಬರೆದು ಇದೇನೆಂದು ಕೇಳಿದಾಗ ಹಳ್ಳ ಎಂದ ಒಬ್ಬ ಹುಡುಗ. ಸರಿಯಾಗಿಯೇ ಹೇಳಿದ್ದ, ಹಳೆಯ ಬರಹಗಳಲ್ಲಿ ಅದಕ್ಕೆ ಹೊಳೆ ಎಂಬ ಅರ್ಥವೂ ಇದೆ.

ಈ ಅಕ್ಷರವನ್ನು ಬೀಜಿಂಗಿನವರು ಶ್ವೇ ಎಂದು ಓದುತ್ತಾರೆ. ಕೊರಿಯನ್ನರ ಓದು ಸು, ವಿಯೆಟ್ನಾಮಿನದು ಥ್ವೀ. ಜಪಾನಿನಲ್ಲಿ ಎರಡು ಓದು: ಒಂಟಿಯಾಗಿ ಬಂದರೆ ಮಿಜು, ಅದು ಅವರ ಸ್ವಂತ ಪದ, ಸಮಾಸದಲ್ಲಿ ಬಂದರೆ ಸಾಮಾನ್ಯವಾಗಿ ಸುಯ್, ಅದು ಚೀನಾದಿಂದ ಬಂದದ್ದು. ಇಲ್ಲಿ ನನಗೆ ಕನ್ನಡವೇ ಒಳ್ಳೆಯ ಬೋಧನೋಪಕರಣವಾಯಿತು. ಕುಡಿಯುವುದು ನೀರು, ಆದರೆ ಜಲಾಶಯ, ಜಲಚರ, ಜಲವಿದ್ಯುತ್. ಸ್ವಂತ ಪದ ಮನೆಯಲ್ಲಿ, ಸಂಸ್ಕೃತದಿಂದ ತಂದ ಪದ ಪುಸ್ತಕದಲ್ಲಿ. ನಾವು ಎರಡನ್ನೂ ಬೇರೆ ಬೇರೆ ಅಕ್ಷರಗಳಲ್ಲಿ ಬರೆಯುತ್ತೇವೆ, ಜಪಾನಿನವರು ಎರಡಕ್ಕೂ ಒಂದೇ ಅಕ್ಷರ ಬರೆದು ಸಂದರ್ಭ ನೋಡಿ ಓದುತ್ತಾರೆ.

ಹಿಂದಿನ ದಿನದ ಪ್ರಶ್ನೆಗೆ ಆಗ ಮರಳಿದೆ. 1787ರಲ್ಲಿ ಲಾವೋಸಿಯೆ ಮತ್ತು ಅವನ ಸಂಗಡಿಗರು ರಾಸಾಯನಿಕ ಹೆಸರುಗಳನ್ನು ಹೊಸದಾಗಿ ಇಟ್ಟಾಗ, ಉರಿದು ನೀರನ್ನು ಹುಟ್ಟಿಸುವ ಅನಿಲಕ್ಕೆ ಗ್ರೀಕ್ ಬೇರುಗಳಿಂದ ಹೈಡ್ರೋಜನ್ ಎಂದರು. ನಮ್ಮ ಜಲಜನಕ ಅದರ ನೇರ ಅನುವಾದ. ಡಚ್ಚರು ನೀರಿನ ವಸ್ತು ಎಂಬರ್ಥದ ಪದ ಮಾಡಿಕೊಂಡರು. ಡಚ್ ಪುಸ್ತಕಗಳಿಂದ ರಸಾಯನಶಾಸ್ತ್ರ ಕಲಿತ ಜಪಾನಿನ ಉದಗಾವ ಯೋವಾನ್, 1837ರಿಂದ ಹೊರಬಂದ ತನ್ನ ಗ್ರಂಥದಲ್ಲಿ ಅದನ್ನು ಸುಯ್‌ಸೊ ಎಂದು ಕರೆದ. ಅದರ ಮೊದಲ ಅಕ್ಷರ ಇದೇ ನೀರು. ಜಲಜನಕ ಎಂಬ ಪದವನ್ನು ಹಳೆಯ ಕಾಲದ್ದು ಎಂದು ನಗುತ್ತಿದ್ದ ಮಕ್ಕಳು ಇಲ್ಲಿ ಸ್ವಲ್ಪ ಸುಮ್ಮನಾದರು.

ಚೀನಾದವರ ದಾರಿ ಬೇರೆ. ಅವರ ಹೈಡ್ರೋಜನ್ ಅಕ್ಷರದಲ್ಲಿ ನೀರಿಲ್ಲ. ಹಿಂದೆ ಅದನ್ನು ಹಗುರ ಅನಿಲ ಎನ್ನುತ್ತಿದ್ದರು. ಈಗ ಅನಿಲದ ಚಿಹ್ನೆಯ ಕೆಳಗೆ ಹಗುರ ಎಂಬ ಅಕ್ಷರದ ಭಾಗವನ್ನಿಟ್ಟು ಛಿಂಗ್ ಎಂದು ಓದುತ್ತಾರೆ. ಆಕ್ಸಿಜನ್ ಅಕ್ಷರದಲ್ಲಿ ಅನಿಲದ ಚಿಹ್ನೆಯ ಕೆಳಗೆ ಕುರಿ ಇದೆ! ಕುರಿಗೂ ಉಸಿರಿಗೂ ಸಂಬಂಧವಿಲ್ಲ. ಕುರಿಯ ಅಕ್ಷರದ ಉಚ್ಚಾರ ಯಾಂಗ್, ಪೋಷಿಸು ಎಂಬುದಕ್ಕೂ ಯಾಂಗ್, ಆಕ್ಸಿಜನ್ ಎಂದರೆ ಪೋಷಿಸುವ ಅನಿಲ. ಕುರಿ ಅಲ್ಲಿ ನಿಂತಿರುವುದು ಸದ್ದಿಗಾಗಿ. ಅದೇ ಕುರಿಯ ಎಡಕ್ಕೆ ನೀರಿನ ಅಕ್ಷರವನ್ನು ಮೂರು ಹನಿಗಳಾಗಿ ಕುಗ್ಗಿಸಿ ಬರೆದರೆ ಸಾಗರ, ಅದೂ ಯಾಂಗ್. ಒಂದು ಭಾಗ ಅರ್ಥದ ಜಾತಿ ಹೇಳುತ್ತದೆ, ಇನ್ನೊಂದು ಉಚ್ಚಾರ ಹೇಳುತ್ತದೆ. ಬಹುಪಾಲು ಚೀನೀ ಅಕ್ಷರಗಳ ರಚನೆ ಹೀಗೆಯೇ. ನನ್ನ ಎರಡನೇ ತಪ್ಪು, ಅಂದರೆ ಚಿತ್ರಲಿಪಿಯ ಮಾತು, ಕುರಿಯಿಂದ ಪರಿಹಾರವಾಯಿತು. ಅಂಕಿಯ ಹೋಲಿಕೆಗೂ ಇಲ್ಲಿ ಮಿತಿಯಿದೆ ಎಂದು ಮಕ್ಕಳಿಗೆ ಹೇಳಿದೆ. 7ರೊಳಗೆ ಸದ್ದಿನ ಸುಳಿವೇನೂ ಇಲ್ಲ.

ಕೊಠಡಿ ತಾಪದಲ್ಲಿ ದ್ರವವಾಗಿರುವ ಧಾತುಗಳು ಯಾವುವು ಎಂದು ಕೇಳಿದೆ. ಪಾದರಸ, ಬ್ರೋಮಿನ್ ಎಂದು ಒಟ್ಟಿಗೆ ಕೂಗಿದರು. ಚೀನೀ ಹೆಸರಿನಲ್ಲಿ ನೀರಿನ ಚಿಹ್ನೆ ಇರುವುದು ಈ ಎರಡಕ್ಕೇ. ಉಳಿದ ಲೋಹಗಳಿಗೆಲ್ಲ ಚಿನ್ನದ ಅಕ್ಷರವೇ ಗುರುತು. ಪಾದರಸಕ್ಕೆ ಮಾತ್ರ ಬುಡದಲ್ಲಿ ನೀರು. ಅದಕ್ಕೆ ಆಡುಮಾತಿನ ಇನ್ನೊಂದು ಹೆಸರು ನೀರು-ಬೆಳ್ಳಿ. ಎಚ್‌ಜಿ ಎಂಬ ಸಂಕೇತ ಬಂದ ಹೈಡ್ರಾರ್ಜಿರಮ್ ಪದದ ಅರ್ಥವೂ ನೀರು-ಬೆಳ್ಳಿಯೇ. ನಾನು ಪಿಯುಸಿಯಿಂದ ಬಿಎಸ್ಸಿ ತನಕ ಎಚ್‌ಜಿಯನ್ನು ಉರು ಹೊಡೆದಿದ್ದೆನೇ ಹೊರತು ಯಾಕೆ ಎಂದು ಕೇಳಿರಲಿಲ್ಲ.

ವಾರದ ಹೆಸರುಗಳಿಗೆ ಸಮಯ ಸಾಲದೆ ಎರಡೇ ಮಾತು ಹೇಳಿದೆ. ಜಪಾನ್, ಕೊರಿಯಾಗಳಲ್ಲಿ ನೀರಿನ ವಾರ ಎಂದರೆ ಬುಧವಾರ, ಏಕೆಂದರೆ ಅವರ ನೀರಿನ ನಕ್ಷತ್ರ ನಮ್ಮ ಬುಧಗ್ರಹ. ಗ್ರಹಗಳ ಹೆಸರಿನ ವಾರ ಚೀನಾಕ್ಕೆ ಹೋದದ್ದು ಎಂಟನೇ ಶತಮಾನದಲ್ಲಿ ಅಮೋಘವಜ್ರ ಎಂಬ ಬೌದ್ಧ ಭಿಕ್ಷು ಅನುವಾದಿಸಿದ ಜ್ಯೋತಿಷ ಗ್ರಂಥದಂಥವುಗಳ ಮೂಲಕ.

ಹದಿನೈದು ನಿಮಿಷ ಇಪ್ಪತ್ತಾರಾಯಿತು. ಸಂಯೋಜಕತೆ ಪಾಠ ಅರ್ಧಕ್ಕೆ ನಿಂತಿತು, ಮಾರ್ಗದರ್ಶಕರು ವೀಕ್ಷಣಾ ಪತ್ರದಲ್ಲಿ “ಸಮಯ ಪಾಲನೆ ಇಲ್ಲ” ಎಂದು ಬರೆದರು. ನ್ಯಾಯವಾದ ಮಾತು. ಇದನ್ನು ಮತ್ತೆ ಮಾಡುವವರು ವಾರದ ಹೆಸರು, ಡಚ್ಚರ ಕಥೆ ಬಿಡಬಹುದು. 7, ಕುರಿ ಮತ್ತು ಪಾದರಸ ಇಷ್ಟೇ ಇದ್ದರೆ ಹತ್ತು ನಿಮಿಷ ಸಾಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟಿದ್ದೆ: ಸೋಡಿಯಂ ಸಂಕೇತ ಜಪಾನಿನಲ್ಲಿ ಏನು? ನಲವತ್ತೊಂದು ಮಕ್ಕಳಲ್ಲಿ ಮೂವತ್ತಾರು ಮಂದಿ ಎನ್‌ಎ ಎಂದೇ ಬರೆದಿದ್ದರು. ಮೂರನೇ ಬೆಂಚಿನ ಹುಡುಗಿ ಹಿಂದಿನ ದಿನದ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ನೋಟ್‌ಬುಕ್ಕನ್ನು ನನ್ನ ಕಡೆ ತಿರುಗಿಸಿದಳು. “ಮಿಸ್, ಇಲ್ಲಿ ನೀವೇ ಒಂದು ಸಹಿ ಹಾಕಿ.” ಹಾಕಿದೆ.