ಮನೆ ಸೇರುವ ಮುನ್ನ ಮನಸ್ಸು ತಿರುಗಬೇಕು



ಪೀಣ್ಯದ ಗಾರ್ಮೆಂಟ್ಸ್, ಬೊಮ್ಮಸಂದ್ರದ ಕಾರ್ಖಾನೆ, ವೈಟ್‌ಫೀಲ್ಡ್ ಕಂಪನಿಗಳ ಹೌಸ್‌ಕೀಪಿಂಗ್: ನಮ್ಮಲ್ಲಿ ಹಲವರ ದುಡಿಮೆ ಇಲ್ಲೇ. ಗಂಡನಿಗೆ ರಾತ್ರಿ ಶಿಫ್ಟು, ಹೆಂಡತಿಗೆ ಹಗಲು ಶಿಫ್ಟು. ಕೂತು ಮಾತಾಡಲು ಪುರುಸೊತ್ತಿಲ್ಲ. ಅದರ ಮೇಲೆ ಬಾಡಿಗೆ, ಸಾಲ, ಕುಡಿತ, ಸಂಶಯ. ಒಂದು ದಿನ ಹೆಂಡತಿ ಮಕ್ಕಳನ್ನು ಕರಕೊಂಡು ತವರಿಗೆ ಹೋಗುತ್ತಾಳೆ. ಹಿರಿಯರು ಸೇರಿ, "ಆಗಿದ್ದು ಆಯ್ತು, ಹೊಂದಿಕೊಂಡು ಹೋಗಮ್ಮ" ಅಂತ ರಾಜಿ ಮಾಡಿಸುತ್ತಾರೆ. ಮೂರು ತಿಂಗಳಿಗೆ ಮತ್ತೆ ಅದೇ ಕತೆ. ಯಾಕೆ? ಇಬ್ಬರೂ ಒಂದೇ ಸೂರಿನಡಿ ಬಂದರು, ಆದರೆ ಮನಸ್ಸು ಬದಲಾಗಲಿಲ್ಲ.

ಬೈಬಲ್ ಏನು ಕಲಿಸುತ್ತದೆ?

ಆದಿಕಾಂಡ 37ರಿಂದ 45ನೇ ಅಧ್ಯಾಯದವರೆಗೆ ಜೋಸೆಫನ ಕತೆ ಇದೆ. ಅಣ್ಣಂದಿರು ಅವನನ್ನು ಗುಂಡಿಗೆ ತಳ್ಳಿದರು. ಮಾರಿಬಿಡೋಣ ಎಂದವನು ಯೆಹೂದ. ಎಷ್ಟೋ ವರ್ಷದ ಮೇಲೆ ಬರಗಾಲ ಬಂದು, ಅದೇ ಅಣ್ಣಂದಿರು ಧಾನ್ಯಕ್ಕಾಗಿ ಈಜಿಪ್ಟಿಗೆ ಬಂದರು. ಅಲ್ಲಿ ಜೋಸೆಫನೇ ಅಧಿಕಾರಿ. ಅವನು ಧಾನ್ಯ ಕೊಟ್ಟ, ಮರೆಯಲ್ಲಿ ಅತ್ತ. ಆದರೆ ತಾನು ಯಾರೆಂದು ಕೂಡಲೇ ಹೇಳಲಿಲ್ಲ. ಇವರು ಬದಲಾಗಿದ್ದಾರೋ ಇಲ್ಲವೋ ಎಂದು ಪರೀಕ್ಷಿಸಿದ. ಕಿರಿಯ ತಮ್ಮ ಬೆನ್ಯಾಮೀನ ಸಿಕ್ಕಿಬಿದ್ದಾಗ, ಅದೇ ಯೆಹೂದ ಮುಂದೆ ಬಂದು, ಇವನ ಬದಲು ನಾನು ಗುಲಾಮನಾಗಿರುತ್ತೇನೆ ಎಂದ. ಆಮೇಲೆ ಜೋಸೆಫ ಗುರುತು ಹೇಳಿ ಅವರನ್ನು ತಬ್ಬಿಕೊಂಡ.

ಕ್ಷಮೆ ಬೇರೆ, ಮತ್ತೆ ಸೇರಿ ಬಾಳುವುದು ಬೇರೆ. ಕ್ಷಮಿಸಲು ಒಬ್ಬರ ಮನಸ್ಸು ಸಾಕು. ಸೇರಿ ಬಾಳಲು ಇಬ್ಬರ ಮನಸ್ಸೂ ತಿರುಗಬೇಕು.

ಬದಲಾವಣೆಯ ಗುರುತುಗಳು

1. ತಪ್ಪನ್ನು ತಪ್ಪು ಅಂತ ಒಪ್ಪುವುದು. "ನೀನು ಬಾಯಿ ಮಾಡಿದ್ದಕ್ಕೆ ಹೊಡೆದೆ" ಅನ್ನುವುದು ಪಶ್ಚಾತ್ತಾಪವಲ್ಲ.

2. ಚಿಕಿತ್ಸೆಗೆ ಒಪ್ಪುವುದು. ಕುಡಿತದ ಚಟ ಒಂದು ಕಾಯಿಲೆ. ಮಕ್ಕಳ ತಲೆ ಮುಟ್ಟಿ ಆಣೆ ಇಟ್ಟರೆ ಹೋಗುವುದಿಲ್ಲ. ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಚಿಕಿತ್ಸೆ ಇದೆ, ಎಎ ಗುಂಪುಗಳ ಸಭೆಗಳಿವೆ.

3. ನಷ್ಟ ತುಂಬುವುದು. ಜಕ್ಕಾಯ ಮೋಸ ಮಾಡಿದ್ದಕ್ಕೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಎಂದ (ಲೂಕ 19). ಅಡವಿಟ್ಟ ಓಲೆ ಬಿಡಿಸಿಕೊಡಲಿ, ಬಾಕಿ ಇರುವ ಸಂಘದ ಕಂತು ಕಟ್ಟಲಿ.

4. ಕಾಯುವುದು. "ಇವತ್ತೇ ಬಾ" ಅಂತ ಒತ್ತಾಯ ಮಾಡದೆ, ನಂಬಿಕೆ ಮರಳುವ ತನಕ ತಾಳ್ಮೆಯಿಂದ ಇರುವುದು.

ನಮ್ಮೊಳಗೂ ನೋಡೋಣ

ಹೊಡೆತಕ್ಕೆ ಹೊಡೆದವನೇ ಹೊಣೆ, ಪೆಟ್ಟು ತಿಂದವಳಲ್ಲ. ಹಾಗಂತ ಆತ್ಮಶೋಧನೆ ನಮಗೆ ಬೇಡವೆಂದಲ್ಲ. ಮನೆಯಲ್ಲಿ ಹೇಳದೆ ಸಾಲ ಮಾಡಿದ್ದೇನೆಯೇ? ಮಕ್ಕಳ ಮುಂದೆ ಅಪ್ಪನನ್ನು ಹೀನಾಯವಾಗಿ ಬೈದಿದ್ದೇನೆಯೇ? ಹಳೇ ಸಿಟ್ಟನ್ನು ಬಡ್ಡಿ ಸಮೇತ ಕೂಡಿಡುತ್ತಿದ್ದೇನೆಯೇ?

ಪ್ರಾರ್ಥನೆ ಮೊದಲು ಪ್ರಾರ್ಥಿಸುವವರ ಮನಸ್ಸನ್ನು ತಿದ್ದುತ್ತದೆ. ದೇವರು ಯಾರ ಮನಸ್ಸನ್ನೂ ಬಲವಂತದಿಂದ ತಿರುಗಿಸುವುದಿಲ್ಲ. ಆದ್ದರಿಂದ ಗಂಡ ಬದಲಾಗದಿದ್ದರೆ, "ನನ್ನ ಪ್ರಾರ್ಥನೆ ಸಾಲಲಿಲ್ಲ" ಎಂದು ಯಾರೂ ತಮ್ಮನ್ನು ತಾವೇ ಹಳಿದುಕೊಳ್ಳಬೇಡಿ.

ಜೀವ ಮೊದಲು

ಪೆಟ್ಟು ತಿಂದುಕೊಂಡು ಅಲ್ಲೇ ಇರಬೇಕೆಂದು ಧರ್ಮಸಭೆ ಹೇಳುವುದಿಲ್ಲ. ಸಂಗಾತಿಯಿಂದ ದೇಹಕ್ಕೋ ಆತ್ಮಕ್ಕೋ ಗಂಭೀರ ಅಪಾಯವಿದ್ದರೆ ಬೇರೆ ಇರಲು 1983ರ ಧರ್ಮಸಭೆಯ ಕಾನೂನು (ವಿಧಿ 1153) ಅವಕಾಶ ಕೊಡುತ್ತದೆ; ಆ ಕಾರಣ ಹೋದ ಮೇಲೆ ಮತ್ತೆ ಕೂಡಿ ಬಾಳಬೇಕು ಎನ್ನುತ್ತದೆ. ಗಮನಿಸಿ: ಮೊದಲು ಕಾರಣ ಹೋಗಬೇಕು. 2016ರಲ್ಲಿ ಪೋಪ್ ಫ್ರಾನ್ಸಿಸ್ ಅವರೂ 'ಅಮೋರಿಸ್ ಲೆತೀತ್ಸಿಯಾ' ಪತ್ರದಲ್ಲಿ, ಹಿಂಸೆಯಿಂದ ಪಾರಾಗಲು ಬೇರೆಯಾಗುವುದು ಕೆಲವೊಮ್ಮೆ ನೈತಿಕವಾಗಿಯೇ ಅಗತ್ಯ ಎಂದರು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ವಿಚ್ಛೇದನ ಕೇಳದೆಯೂ ಎಲ್ಲ ಧರ್ಮದ ಹೆಣ್ಣುಮಕ್ಕಳು ರಕ್ಷಣೆ, ಜೀವನಾಂಶ, ಗಂಡನ ಮನೆಯಲ್ಲೇ ವಾಸಿಸುವ ಹಕ್ಕು ಕೇಳಬಹುದು. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಸಂಘದಲ್ಲಿ ಚರ್ಚಿಸಿ

• ರಾಜಿ ಮಾಡಿಸುವಾಗ ನಾವು ಹೆಣ್ಣಿಗೆ ಮಾತ್ರ ಬುದ್ಧಿ ಹೇಳುತ್ತೇವೆಯೇ?

• ಜೋಸೆಫ ಕೂಡಲೇ ಗುರುತು ಹೇಳಿದ್ದರೆ ಏನಾಗುತ್ತಿತ್ತು?

• ಕಷ್ಟದಲ್ಲಿರುವ ಸದಸ್ಯೆಯ ಮಾತು ಸಭೆಯಿಂದ ಹೊರಗೆ ಹೋಗದಂತೆ ಏನು ಮಾಡೋಣ?

ಈ ತಿಂಗಳ ಸಂಕಲ್ಪ: ತವರಿನಲ್ಲಿರುವ ಸದಸ್ಯೆಗೆ "ಯಾವಾಗ ವಾಪಸ್ ಹೋಗ್ತೀಯಾ?" ಎಂದು ಕೇಳುವ ಬದಲು, "ನಿನಗೆ ಏನು ಬೇಕು?" ಎಂದು ಕೇಳೋಣ.