ಹೈದರಾಬಾದಿನಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಊರಿನಿಂದ ಕೆಟ್ಟ ಸುದ್ದಿ ಬಂದಾಗ ನಮ್ಮಂಥ ನೌಕರರ ಬಾಯಿಗೆ ಮೊದಲು ಬರುವ ಮಾತು, “ವಿಮಾನದಲ್ಲಿ ಹೋದರೆ ಒಂದೇ ಗಂಟೆ” ಎಂಬುದು. ಸಾಲ ಮಾಡಿ ಟಿಕೆಟು ಕೊಳ್ಳುವುದಕ್ಕೆ ಮುಂಚೆ ಈ ಒಂದು ಗಂಟೆಯ ಲೆಕ್ಕವನ್ನು ಎಲ್ಲರೂ ತಿಳಿದಿರುವುದು ಒಳ್ಳೆಯದು.

ಮೊದಲು ದೂರ. ಭೂಪಟದಲ್ಲಿ ಹೈದರಾಬಾದು ಉತ್ತರ ಅಕ್ಷಾಂಶ 17 ಡಿಗ್ರಿ 23 ಮಿನಿಟಿನಲ್ಲಿಯೂ ಬೆಂಗಳೂರು 12 ಡಿಗ್ರಿ 58 ಮಿನಿಟಿನಲ್ಲಿಯೂ ಇವೆ. ವ್ಯತ್ಯಾಸ 4 ಡಿಗ್ರಿ 25 ಮಿನಿಟು. ಒಂದು ಡಿಗ್ರಿಗೆ, ಅಂದರೆ 60 ಮಿನಿಟಿಗೆ, ಸುಮಾರು 111 ಕಿಲೋಮೀಟರು. ಗುಣಿಸಿದರೆ 490 ಆಗುತ್ತದೆ. ಬೆಂಗಳೂರು ತುಸು ಪಶ್ಚಿಮಕ್ಕಿರುವುದರಿಂದ ಗೆರೆ ಓರೆಯಾಗಿ, ಒಟ್ಟು ಸುಮಾರು 500 ಕಿ.ಮೀ. ಎನ್ನಬಹುದು. ಕರ್ನೂಲು, ಅನಂತಪುರಗಳನ್ನು ಮುಟ್ಟಿ ಹೋಗುವ ಕಾಚಿಗುಡ–ಯಶವಂತಪುರ ರೈಲುದಾರಿಯಾದರೋ ಸುಮಾರು 610 ಕಿ.ಮೀ.

ಇನ್ನು ಹೊತ್ತು. 1945ರಲ್ಲಿ ನಿಜಾಮ ಸರ್ಕಾರವೂ ಟಾಟಾ ಸಂಸ್ಥೆಯೂ ಸೇರಿ ಡೆಕ್ಕನ್ ಏರ್‌ವೇಸ್ ಕಂಪನಿಯನ್ನು ಸ್ಥಾಪಿಸಿದವು. ಬೇಗಂಪೇಟೆಯಿಂದ ಹಾರುತ್ತಿದ್ದ ಅದರ ಡಕೋಟಾ ವಿಮಾನಗಳ ವೇಗ ಗಂಟೆಗೆ ಸುಮಾರು 270 ಕಿ.ಮೀ.; 500 ಕಿ.ಮೀ.ಗೆ ಎರಡು ಗಂಟೆಯ ಹತ್ತಿರ ಬೇಕು. 1953ರಲ್ಲಿ ಆ ಕಂಪನಿ ಇಂಡಿಯನ್ ಏರ್‌ಲೈನ್ಸಿನಲ್ಲಿ ಸೇರಿಹೋಯಿತು. ಇಂದಿನ ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800 ಕಿ.ಮೀ. ಓಡಬಲ್ಲುದು. ಭಾಗಿಸಿದರೆ 40 ನಿಮಿಷವೂ ಬಾರದು. ಆದರೂ ವೇಳಾಪಟ್ಟಿಯಲ್ಲಿ ಸುಮಾರು ಒಂದೂಕಾಲು ಗಂಟೆ ಕಾಣುತ್ತದೆ. ಏಕೆಂದರೆ ಏರುವಾಗಲೂ ಇಳಿಯುವಾಗಲೂ ವೇಗ ಕಡಿಮೆ. ನೆಲದ ಮೇಲೆ ಉರುಳುವ ಹೊತ್ತು, ಸರದಿಗಾಗಿ ಕಾಯುವ ಹೊತ್ತು ಎಲ್ಲವೂ ಅದರಲ್ಲಿ ಸೇರಿರುತ್ತವೆ.

ಇನ್ನೊಂದು ಸಂಗತಿಯುಂಟು. 2008ರ ಮಾರ್ಚಿಯಲ್ಲಿ ಪ್ರಯಾಣಿಕರ ವಿಮಾನಗಳು ಬೇಗಂಪೇಟೆಯಿಂದ ಶಂಷಾಬಾದಿಗೂ, ಮೇ ತಿಂಗಳಲ್ಲಿ ಬೆಂಗಳೂರಿನ ಹೆಚ್.ಎ.ಎಲ್. ನಿಲ್ದಾಣದಿಂದ ದೇವನಹಳ್ಳಿಗೂ ಹೋದವು. ಶಂಷಾಬಾದು ನಮ್ಮ ನಗರದ ದಕ್ಷಿಣಕ್ಕೆ, ದೇವನಹಳ್ಳಿ ಬೆಂಗಳೂರಿನ ಉತ್ತರಕ್ಕೆ. ಹೀಗಾಗಿ ಆಕಾಶದ ದಾರಿ ಸುಮಾರು 455 ಕಿ.ಮೀ.ಗೆ ಇಳಿಯಿತು, ನೆಲದ ಮೇಲಿನ ದಾರಿ ಬೆಳೆಯಿತು. ಕೋಠಿಯಿಂದ ಶಂಷಾಬಾದ್ ನಿಲ್ದಾಣಕ್ಕೆ ಸುಮಾರು 25, ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಸುಮಾರು 35 ಕಿ.ಮೀ.

ಈಗ ಕೂಡಿಸೋಣ:

ಕೋಠಿಯಿಂದ ಶಂಷಾಬಾದಿಗೆ — 1 ಗಂಟೆ
ಹೊರಡುವ ಮುಂಚೆ ತಪಾಸಣೆ, ಕಾಯುವಿಕೆ — 2 ಗಂಟೆ
ವಿಮಾನದಲ್ಲಿ — 1¼ ಗಂಟೆ
ಇಳಿದು ಹೊರಬರಲು — ½ ಗಂಟೆ
ಮೆಜೆಸ್ಟಿಕ್ಕಿಗೆ ಬಸ್ಸಿನಲ್ಲಿ — 1¼ ಗಂಟೆ
ಒಟ್ಟು — 6 ಗಂಟೆ

2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಕಾಚಿಗುಡ–ಯಶವಂತಪುರ ವಂದೇ ಭಾರತ್ ರೈಲಿಗೆ ಸುಮಾರು 8½ ಗಂಟೆ. ರಾತ್ರಿಯ ರೈಲಿಗೆ 11–12 ಗಂಟೆ. ಅಂದಮೇಲೆ ವಿಮಾನದಿಂದ ಉಳಿತಾಯವಿಲ್ಲವೆಂದಲ್ಲ. ಆದರೆ ಅದು ನಾವು ಎಣಿಸಿದಷ್ಟಲ್ಲ. ಸಂಜೆ ಸುದ್ದಿ ಬಂದರೆ, ಮರುದಿನ ಬೆಳಗಿನ ವಿಮಾನಕ್ಕೆ ಕಾದು ಕುಳಿತವನಿಗಿಂತ ಆ ರಾತ್ರಿಯ ರೈಲು ಹಿಡಿದವನೇ ಮೊದಲು ಬೆಂಗಳೂರು ಮುಟ್ಟಬಹುದು. ಹೊರಡುವ ದಿನವೇ ಕೊಳ್ಳುವ ವಿಮಾನದ ಟಿಕೆಟಿಗೆ ಬೆಲೆಯೂ ಹೆಚ್ಚು. ಬೆಳಿಗ್ಗೆ ಸುದ್ದಿ ಬಂದು, ಕೈಯಲ್ಲಿ ಹಣವಿದ್ದರೆ, ವಿಮಾನವೇ ಮೇಲು.

ಬೀದರ, ಕಲಬುರಗಿ, ರಾಯಚೂರು ಕಡೆಯ ಬಂಧುಗಳಿಗೆ ಈ ಲೆಕ್ಕವೇ ಬೇಡ. ಕೋಠಿಗೆ ಸಮೀಪದ ಮಹಾತ್ಮಾ ಗಾಂಧಿ ಬಸ್ ನಿಲ್ದಾಣದಿಂದ ಅವರಿಗೆ ನೇರ ಬಸ್ಸುಗಳುಂಟು.

ಆದ್ದರಿಂದ ವಿಮಾನವಾಗಲಿ ರೈಲಾಗಲಿ, ಹೊತ್ತನ್ನು ನಿಲ್ದಾಣದಿಂದ ನಿಲ್ದಾಣಕ್ಕೆ ಎಣಿಸದೆ ಮನೆಯ ಬಾಗಿಲಿಂದ ಮನೆಯ ಬಾಗಿಲಿಗೆ ಎಣಿಸಬೇಕು. ಆ ಬಳಿಕ ಹಣ ಬಿಚ್ಚಬೇಕು.